ಟ್ಯಾಂಕಿನ ಜಾತಕ: ಅಪಾಯಕಾರಿ ಸರಕು ಸಾಗಣೆಯಲ್ಲಿ ದಾಖಲೆ ನಿಯಮಗಳು ಬೆಳೆದ ಬಗೆ

ಹೆದ್ದಾರಿಯಲ್ಲಿ ಟ್ಯಾಂಕರ್ ಮಗುಚಿತು ಎಂದರೆ ಅಗ್ನಿಶಾಮಕ ದಳದವರು ಕೇಳುವ ಮೊದಲ ಪ್ರಶ್ನೆ ಒಳಗೆ ಏನಿದೆ ಎಂಬುದು. ಎಷ್ಟು ತುಂಬಿದ್ದಾರೆ, ಕಳಿಸಿದವರು ಯಾರು ಎಂಬ ಪ್ರಶ್ನೆಗಳು ಅದರ ಬೆನ್ನಿಗೇ ಬರುತ್ತವೆ. ಬೆಂಕಿ ಆರಿ ತನಿಖೆ ಶುರುವಾದ ಮೇಲೆ ಬೇರೆ ತರಹದ ಪ್ರಶ್ನೆಗಳು ಏಳುತ್ತವೆ. ಈ ಟ್ಯಾಂಕನ್ನು ಕಟ್ಟಿದವರು ಯಾರು, ಯಾವ ಉಕ್ಕಿನಿಂದ ಕಟ್ಟಿದರು, ಕೊನೆಯ ಸಲ ಒತ್ತಡ ಪರೀಕ್ಷೆ ಮಾಡಿಸಿದ್ದು ಯಾವಾಗ, ಮುಂಚೆ ಇದರಲ್ಲಿ ಏನನ್ನು ಸಾಗಿಸುತ್ತಿದ್ದರು, ಎಲ್ಲೆಲ್ಲಿ ವೆಲ್ಡಿಂಗ್ ಮಾಡಿಸಿದ್ದಾರೆ? ಮೊದಲ ಪ್ರಶ್ನೆಗಳಿಗೆ ಸರಕಿನ ಕಾಗದ ಉತ್ತರ ಕೊಡುತ್ತದೆ. ಎರಡನೆಯವಕ್ಕೆ ಉತ್ತರ ಬೇಕಾದರೆ ಟ್ಯಾಂಕಿಗೇ ಒಂದು ಜಾತಕ ಇರಬೇಕು. ಈ ಕ್ಷೇತ್ರದ ನಿಯಮಗಳು ನೂರು ವರ್ಷಕ್ಕೂ ಮಿಕ್ಕಿ ಸರಕಿನ ಕಾಗದದಿಂದ ಟ್ಯಾಂಕಿನ ಜಾತಕದ ಕಡೆಗೆ ತೆವಳುತ್ತ ಬಂದಿವೆ. ಭಾರತ ಮೊದಲನೆಯದನ್ನು ತಕ್ಕಮಟ್ಟಿಗೆ ಚೆನ್ನಾಗಿಯೇ ರೂಢಿಸಿಕೊಂಡಿದೆ. ಎರಡನೆಯದರಲ್ಲಿ ಇನ್ನೂ ಅರ್ಧ ದಾರಿಯಲ್ಲಿದೆ.

ಶುರುವಾದದ್ದು ಅಮೆರಿಕದ ರೈಲು ಹಳಿಗಳ ಮೇಲೆ. ಡೈನಮೈಟ್ ತುಂಬಿದ ವ್ಯಾಗನ್‌ಗಳು ಸಿಡಿದು ಜನ ಸಾಯುವುದು ಹೆಚ್ಚಾದಾಗ ಅಲ್ಲಿನ ರೈಲ್ವೆ ಕಂಪನಿಗಳೇ ಸೇರಿ 1907ರಲ್ಲಿ ‘ಬ್ಯೂರೋ ಆಫ್ ಎಕ್ಸ್‌ಪ್ಲೋಸಿವ್ಸ್’ ಕಟ್ಟಿಕೊಂಡವು. ಮರುವರ್ಷ ಸಂಸತ್ತು ಅಂತರರಾಜ್ಯ ವಾಣಿಜ್ಯ ಆಯೋಗಕ್ಕೆ ಸ್ಫೋಟಕ ಸಾಗಣೆಯ ನಿಯಮ ಮಾಡುವ ಅಧಿಕಾರ ಕೊಟ್ಟಿತು. ಆಗಿನ ಚಿಂತೆಯೆಲ್ಲ ಪೆಟ್ಟಿಗೆಯೊಳಗಿನ ಸರಕಿನದು. ಅದರ ಹೆಸರು ಬರೆಯಿರಿ, ಚೀಟಿ ಅಂಟಿಸಿ, ಕಾಗದ ಜೊತೆಗೆ ಕಳಿಸಿ, ಅಷ್ಟೇ. ಟ್ಯಾಂಕ್ ವ್ಯಾಗನ್ ಕೂಡ ಆಗ ಒಂದು ದೊಡ್ಡ ಪೀಪಾಯಿ ಎಂಬ ಲೆಕ್ಕದಲ್ಲಿತ್ತು.

ಅದು ಪೀಪಾಯಿಯಲ್ಲ ಎಂದು ತಿಳಿದದ್ದು 1915ರ ಸೆಪ್ಟೆಂಬರ್ 27ರಂದು, ಒಕ್ಲಹಾಮಾದ ಆರ್ಡ್‌ಮೋರ್ ಊರಿನಲ್ಲಿ. ಸಾಮಾನ್ಯ ಪೆಟ್ರೋಲಿಗಿಂತ ಬಲು ಬೇಗ ಆವಿಯಾಗುವ ಕೇಸಿಂಗ್‌ಹೆಡ್ ಗ್ಯಾಸೊಲಿನ್ ತುಂಬಿದ್ದ ವ್ಯಾಗನ್ ಬಿಸಿಲಿನಲ್ಲಿ ನಿಂತಿತ್ತು. ಮೇಲಿನ ಮುಚ್ಚಳ ತೆಗೆಯಲು ಹೋದಾಗ ಹೊರನುಗ್ಗಿದ ಆವಿಗೆ ಎಲ್ಲಿಂದಲೋ ಕಿಡಿ ತಗುಲಿತು. ಊರಿನ ವ್ಯಾಪಾರದ ಬೀದಿಗಳು ನೆಲಸಮವಾದವು. ಸತ್ತವರು 40ಕ್ಕೂ ಹೆಚ್ಚು. ‘ಗ್ಯಾಸೊಲಿನ್’ ಎಂದಷ್ಟೇ ತಿಳಿದರೆ ಸಾಲದು, ಅದರ ಆವಿಯ ಒತ್ತಡ ಎಷ್ಟು, ಆ ಒತ್ತಡ ತಾಳುವ ಟ್ಯಾಂಕ್ ಇದೇ ಹೌದೇ ಎಂಬುದೂ ಗೊತ್ತಿರಬೇಕು ಎಂದು ಅಂದೇ ಸ್ಪಷ್ಟವಾಯಿತು. ಮುಂದಿನ ದಶಕಗಳಲ್ಲಿ ಟ್ಯಾಂಕ್ ವ್ಯಾಗನ್‌ಗಳಿಗೆ ದರ್ಜೆವಾರು ವಿನ್ಯಾಸ ಬಂತು, ಪ್ರತಿ ವ್ಯಾಗನ್ನಿಗೂ ತಯಾರಿಕಾ ಪ್ರಮಾಣಪತ್ರ ಬಂತು. ಟ್ಯಾಂಕಿನ ಮೊದಲ ಜನ್ಮಪತ್ರ ಎಂದರೆ ಅದೇ.

ರಸ್ತೆಯ ಟ್ಯಾಂಕರ್‌ಗಳ ವಿಷಯದಲ್ಲಿ ಅಮೆರಿಕ ದೊಡ್ಡ ಹೆಜ್ಜೆ ಇಟ್ಟದ್ದು ಬಹಳ ತಡವಾಗಿ, 1989ರಲ್ಲಿ. ಬಳಕೆಯಲ್ಲಿರುವ ಟ್ಯಾಂಕುಗಳ ತಪಾಸಣೆಗೆಂದೇ ನಿಯಮಾವಳಿಯಲ್ಲಿ 180ನೇ ಭಾಗ ರೂಪುಗೊಂಡಿತು. ನೋಂದಾಯಿತ ತಪಾಸಕರು ಬಂದರು. ಇಂದಿಗೂ ಅಲ್ಲಿನ ಟ್ಯಾಂಕರಿನ ಮೈ ನೋಡಿದರೆ ತಿಂಗಳು, ವರ್ಷದ ಜೊತೆ ಒಂಟಿ ಅಕ್ಷರಗಳು ಕಾಣುತ್ತವೆ. ‘ವಿ’ ಎಂದರೆ ಹೊರಮೈ ನೋಡಿದ್ದಾರೆ, ‘ಐ’ ಎಂದರೆ ಒಳಗಿಳಿದು ನೋಡಿದ್ದಾರೆ, ‘ಕೆ’ ಎಂದರೆ ಸೋರಿಕೆ ಪರೀಕ್ಷೆ, ‘ಪಿ’ ಒತ್ತಡ ಪರೀಕ್ಷೆ, ‘ಟಿ’ ತಗಡಿನ ದಪ್ಪ ಅಳೆದದ್ದು. ರಸ್ತೆ ಬದಿ ನಿಲ್ಲಿಸಿದ ಪೊಲೀಸನಿಗೆ ಕಡತ ಬಿಚ್ಚುವ ಮುಂಚೆಯೇ ಅರ್ಧ ಕಥೆ ಗೊತ್ತಾಗುತ್ತದೆ. ಈ ಏರ್ಪಾಡು ನನಗೆ ತುಂಬ ಹಿಡಿಸಿದ್ದು.

ಕಡತದ ನಿಯಮ ಇನ್ನೂ ಬಿಗಿ. ತಯಾರಕರ ಪ್ರಮಾಣಪತ್ರವನ್ನು ಮಾಲೀಕ ತನ್ನ ಒಡೆತನ ಇರುವಷ್ಟು ಕಾಲವೂ, ಆಮೇಲೆ ಒಂದು ವರ್ಷವೂ ಇಟ್ಟುಕೊಳ್ಳಬೇಕು. ಟ್ಯಾಂಕ್ ಮಾರಿದರೆ ಹಳೆಯ ಮಾಲೀಕ ಒಂದು ವರ್ಷ ನಕಲು ಇಟ್ಟಿರಬೇಕು, ಅದೂ ‘ಬಣ್ಣ ಮಾಸದ’ ನಕಲು. ಕಾಗದದ ಮಸಿ ಮಾಸಿಹೋಗುತ್ತದೆ ಎಂಬುದನ್ನೂ ಯೋಚಿಸಿ ಕಾನೂನು ಬರೆದ ಗುಮಾಸ್ತನಿಗೆ ನಮಸ್ಕಾರ. ಟ್ಯಾಂಕನ್ನು ಓಡಿಸುವ ಸಾಗಣೆದಾರ ಬೇರೆಯವನಾದರೆ ಅವನ ಮುಖ್ಯ ಕಚೇರಿಯಲ್ಲೂ ಒಂದು ಪ್ರತಿ ಇರಬೇಕು.

ಆದರೆ ಇದೇ ನಿಯಮದಲ್ಲಿ ಒಂದು ತೂತು ಇದೆ. ತಪಾಸಣೆಯ ವರದಿಯನ್ನು ಅದೇ ಬಗೆಯ ಮುಂದಿನ ಪರೀಕ್ಷೆ ಯಶಸ್ವಿಯಾಗಿ ಮುಗಿಯುವವರೆಗೆ ಮಾತ್ರ ಇಟ್ಟರೆ ಸಾಕು. ಹೊಸ ವರದಿ ಬಂದ ದಿನ ಹಳೆಯದನ್ನು ಕಸಕ್ಕೆ ಹಾಕಬಹುದು. ತಗಡಿನ ದಪ್ಪ ಈಗ ಮಿತಿಯೊಳಗಿದೆ ಎಂದು ಹೊಸ ವರದಿ ಹೇಳುತ್ತದೆ, ನಿಜ. ಅದು ವರ್ಷ ವರ್ಷಕ್ಕೆ ಯಾವ ವೇಗದಲ್ಲಿ ಸವೆಯುತ್ತಿದೆ ಎಂದು ತಿಳಿಯಲು ಹಿಂದಿನ ಮೂರು ನಾಲ್ಕು ವರದಿ ಒಟ್ಟಿಗೆ ಬೇಕು. ಅವನ್ನು ಕಾನೂನು ಕೇಳುವುದಿಲ್ಲ.

ಯುರೋಪು ಈ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. ಅದರ ಹಿನ್ನೆಲೆಗೆ ಸ್ಪೇನಿನ ಲೊಸ್ ಅಲ್ಫಾಕೆಸ್ ದುರಂತವನ್ನು ನೋಡಬೇಕು. 1978ರ ಜುಲೈ 11ರಂದು ತರಗೋನಾದಿಂದ ಹೊರಟ ಟ್ಯಾಂಕರಿನಲ್ಲಿ ದ್ರವೀಕೃತ ಪ್ರೊಪಿಲೀನ್ ಇತ್ತು. ತುಂಬಬಹುದಾಗಿದ್ದದ್ದು ಸುಮಾರು 19 ಟನ್, ತುಂಬಿದ್ದು 23 ಟನ್ನಿಗೂ ಮಿಕ್ಕಿ. ಕಡಲ ದಂಡೆಯ ಪ್ರವಾಸಿ ಶಿಬಿರದ ಪಕ್ಕ ಟ್ಯಾಂಕ್ ಒಡೆಯಿತು. ರಜೆಗೆ ಬಂದಿದ್ದ 200ಕ್ಕೂ ಹೆಚ್ಚು ಜನ ಸತ್ತರು. ಆ ಟ್ಯಾಂಕ್ ಹಿಂದೆ ಅಮೋನಿಯಾ ಸಾಗಿಸಿತ್ತು ಎಂಬ ಸಂಗತಿ ತಜ್ಞರ ಗಮನ ಸೆಳೆಯಿತು. ನೀರಿನ ಅಂಶವಿಲ್ಲದ ಅಮೋನಿಯಾ ಕೆಲವು ಬಗೆಯ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಿಸುತ್ತದೆ. ಅಂದರೆ ಇಂದಿನ ಸರಕಿನ ಕಾಗದ ಎಷ್ಟೇ ಸರಿಯಿದ್ದರೂ ನಿನ್ನೆಯ ಸರಕು ಉಕ್ಕಿನೊಳಗೆ ಉಳಿದುಕೊಂಡಿರಬಹುದು. ಅಮೆರಿಕದವರೂ ಈ ಪಾಠ ಕಲಿತಿದ್ದಾರೆ. ಅಮೋನಿಯಾ ಸಾಗಿಸುವ ಟ್ಯಾಂಕುಗಳನ್ನು ಒತ್ತಡ ಪರೀಕ್ಷೆಗೆ ಮುಂಚೆ ಕಾಂತೀಯ ಪುಡಿಯಿಂದ ಒಳಗಿನಿಂದ ತಪಾಸಿಸಬೇಕು ಎಂಬ ನಿಯಮ ಅಲ್ಲಿದೆ.

ಯುರೋಪಿನಲ್ಲಿ ರಸ್ತೆ ಮೂಲಕ ಅಪಾಯಕಾರಿ ಸರಕು ಸಾಗಣೆಗೆ 1957ರ ಜಿನೀವಾ ಒಪ್ಪಂದವೇ ಆಧಾರ. ‘ಎಡಿಆರ್’ ಎಂದು ಕರೆಯುವ ಈ ಒಪ್ಪಂದ 1968ರಲ್ಲಿ ಜಾರಿಗೆ ಬಂತು, ಎರಡು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ. ಇಂದು ಅದರಲ್ಲಿ ‘ಟ್ಯಾಂಕ್ ದಾಖಲೆ’ ಎಂಬ ಕಡತ ಕಡ್ಡಾಯ. ವಿನ್ಯಾಸ ಮಂಜೂರಾತಿ, ಮೊದಲ ಪರೀಕ್ಷೆ, ಆವರ್ತ ಪರೀಕ್ಷೆಗಳು, ರಿಪೇರಿ, ಮಾರ್ಪಾಡು ಎಲ್ಲವೂ ಅದರಲ್ಲೇ ಸೇರಬೇಕು. ಟ್ಯಾಂಕಿನ ಆಯುಷ್ಯ ಪೂರ್ತಿ, ಅದನ್ನು ಬಳಕೆಯಿಂದ ತೆಗೆದ ಮೇಲೂ 15 ತಿಂಗಳು ಇಟ್ಟಿರಬೇಕು. ಮಾಲೀಕ ಬದಲಾದರೆ ಕಡತವನ್ನು ತಡಮಾಡದೆ ಹೊಸಬರಿಗೆ ಒಪ್ಪಿಸಬೇಕು. ಅಮೆರಿಕದಲ್ಲಿ ಕಾಗದ ಮಾಲೀಕನ ಸ್ವತ್ತು, ಯುರೋಪಿನಲ್ಲಿ ಅದು ಟ್ಯಾಂಕಿನ ಸ್ವತ್ತು. ಎರಡರಲ್ಲಿ ಯುರೋಪಿನದೇ ಸರಿ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಯುರೋಪು ಎಲ್ಲ ಸಾಧಿಸಿಬಿಟ್ಟಿತು ಎನ್ನುವಂತಿಲ್ಲ. 2009ರ ಜೂನ್ 29ರ ರಾತ್ರಿ ಇಟಲಿಯ ವಿಯಾರೆಜ್ಜೊ ನಿಲ್ದಾಣದಲ್ಲಿ ಎಲ್‌ಪಿಜಿ ರೈಲು ಹಳಿ ತಪ್ಪಿ 32 ಜನ ಸತ್ತರು. ಮೊದಲು ಮುರಿದದ್ದು ಟ್ಯಾಂಕಲ್ಲ, ಅದರ ಕೆಳಗಿನ ಅಚ್ಚು. ಟ್ಯಾಂಕಿಗೆ ಜಾತಕವಿದ್ದರೆ ಸಾಲದು, ಗಾಲಿಗೂ ಅಚ್ಚಿಗೂ ಅದು ಬೇಕೆಂಬ ಮಾತು ಆಗ ಜೋರಾಯಿತು. ಸರಕು ವ್ಯಾಗನ್‌ಗಳ ನಿರ್ವಹಣೆಗೆ ಪ್ರಮಾಣೀಕೃತ ಹೊಣೆಗಾರ ಸಂಸ್ಥೆ ಇರಲೇಬೇಕೆಂಬ ಐರೋಪ್ಯ ಒಕ್ಕೂಟದ ನಿಯಮ 2011ರಲ್ಲಿ ಬಂತು.

ಕೆನಡಾದ ಲಾಕ್ ಮೆಗಾಂಟಿಕ್ ಇನ್ನೊಂದು ಪಾಠ. 2013ರ ಜುಲೈ 6ರ ನಸುಕಿನಲ್ಲಿ ಕಚ್ಚಾತೈಲದ ರೈಲು ಚಾಲಕನಿಲ್ಲದೆ ಇಳಿಜಾರಿನಲ್ಲಿ ಉರುಳಿ ಊರ ನಡುವೆ ಉರಿಯಿತು, 47 ಜನ ಸತ್ತರು. ಕಾಗದವೇನೋ ಇತ್ತು. ಆದರೆ ಆ ತೈಲವನ್ನು ಅದರ ನಿಜವಾದ ಅಪಾಯಕ್ಕಿಂತ ಕೆಳದರ್ಜೆಯಲ್ಲಿ ನಮೂದಿಸಲಾಗಿತ್ತು ಎಂದು ತನಿಖೆ ಹೇಳಿತು. 2015ರಲ್ಲಿ ಅಮೆರಿಕ ಹೊಸ ಟ್ಯಾಂಕ್ ವ್ಯಾಗನ್ ವಿನ್ಯಾಸ ತಂದಾಗ, ಕಚ್ಚಾತೈಲದ ಮಾದರಿ ತೆಗೆದು ಪರೀಕ್ಷಿಸುವ ಕ್ರಮವನ್ನು ಲಿಖಿತವಾಗಿ ಇಟ್ಟಿರಬೇಕೆಂದೂ ವಿಧಿಸಿತು. ದಾಖಲೆಯಲ್ಲಿ ಬರೆದದ್ದು ನಿಜವೇ ಎಂಬುದಕ್ಕೂ ದಾಖಲೆ ಬೇಕಾಯಿತು.

ಖಾಲಿ ಟ್ಯಾಂಕಿನ ಬಗ್ಗೆಯೂ ಒಂದು ಮಾತು. ಸರಕು ಇಳಿಸಿದ ಟ್ಯಾಂಕನ್ನು ನಾವು ಖಾಲಿ ಎನ್ನುತ್ತೇವೆ. ಒಳಗೆ ಆವಿ ತುಂಬಿರುತ್ತದೆ, ಕೆಲವೊಮ್ಮೆ ತುಂಬಿದ ಟ್ಯಾಂಕಿಗಿಂತ ಅದೇ ಅಪಾಯಕಾರಿ. ಅಮೆರಿಕದಲ್ಲಿ ತೊಳೆಯದ ರೈಲು ಟ್ಯಾಂಕಿನ ಕಾಗದದಲ್ಲಿ ಅದು ಖಾಲಿ ಎಂದು ಬರೆಯುವಂತಿಲ್ಲ, ಶೇಷವಿದೆ, ಕೊನೆಗೆ ಇದ್ದದ್ದು ಇಂಥದ್ದು ಎಂದೇ ಬರೆಯಬೇಕು. ನಮ್ಮಲ್ಲಿ ಖಾಲಿ ಟ್ಯಾಂಕರಿಗೆ ವೆಲ್ಡಿಂಗ್ ಮಾಡಲು ಹೋಗಿ ಗ್ಯಾರೇಜುಗಳಲ್ಲಿ ಕೆಲಸಗಾರರು ಸತ್ತ ಸುದ್ದಿ ಆಗಾಗ ಓದುತ್ತೇವೆ.

ಇನ್ನು ನಮ್ಮ ದೇಶ. ಸ್ಫೋಟಕ ಕಾಯ್ದೆ 1884ರದು. ಸ್ಫೋಟಕ ಇಲಾಖೆ 1898ರಿಂದ ಇದೆ, ಈಗ ‘ಪೆಸೊ’ ಎಂಬ ಹೆಸರಿನಲ್ಲಿ ನಾಗಪುರದಿಂದ ಕೆಲಸ ಮಾಡುತ್ತದೆ. ಲೋಹದ ಪಾತ್ರೆಯಲ್ಲಿ ಒತ್ತಡದಲ್ಲಿ ತುಂಬಿದ ಅನಿಲವನ್ನೂ ಸ್ಫೋಟಕವೆಂದೇ ಭಾವಿಸಬೇಕು ಎಂದು 1938ರಲ್ಲಿ ಅಧಿಸೂಚನೆ ಹೊರಟಿತು. ಅಡುಗೆ ಅನಿಲದ ಬುಲೆಟ್ ಟ್ಯಾಂಕರ್ ಇಂದಿಗೂ ಸ್ಫೋಟಕ ಕಾಯ್ದೆಯ ಕೆಳಗೆ ಬರಲು ಅದೇ ಕಾರಣ. ಪೆಟ್ರೋಲ್, ಡೀಸೆಲ್ ಟ್ಯಾಂಕರ್‌ಗಳಿಗೆ 1934ರ ಪೆಟ್ರೋಲಿಯಂ ಕಾಯ್ದೆ, ಅದರ ಕೆಳಗೆ ಈಗ 2002ರ ನಿಯಮಗಳು. ಒತ್ತಡದ ಪಾತ್ರೆಗಳಿಗೆ ಪ್ರತ್ಯೇಕ ನಿಯಮ ಬಂದದ್ದು 1981ರಲ್ಲಿ, ಅದರ ಜಾಗದಲ್ಲಿ 2016ರಲ್ಲಿ ಹೊಸದು ಬಂತು. ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ, ಲೋಹ ಕೊರೆಯುವ ಅನಿಲದ ಅಥವಾ ವಿಷಾನಿಲದ ಪಾತ್ರೆಯಾದರೆ ಎರಡು ವರ್ಷಕ್ಕೊಮ್ಮೆ ಹೈಡ್ರಾಲಿಕ್ ಪರೀಕ್ಷೆ ಆಗಬೇಕು, ಅರ್ಹ ವ್ಯಕ್ತಿ ಪ್ರಮಾಣಪತ್ರ ಕೊಡಬೇಕು.

ಭೋಪಾಲದ ಅನಿಲ ದುರಂತದ ನಂತರ ಗಮನ ರಸ್ತೆಯ ಕಡೆಗೂ ಹರಿಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 129ರಿಂದ 137ರವರೆಗಿನವು ಅಪಾಯಕಾರಿ ಸರಕಿಗೇ ಮೀಸಲು. ಸರಕು ಕಳಿಸುವವರು ಪೂರ್ತಿ ಮಾಹಿತಿ ಕೊಡಬೇಕು, ಚಾಲಕ ಅದನ್ನು ಟ್ರೆಮ್ ಕಾರ್ಡ್ (ಸಾಗಣೆಯ ತುರ್ತು ಮಾಹಿತಿ ಚೀಟಿ) ರೂಪದಲ್ಲಿ ಕ್ಯಾಬಿನ್ನಿನಲ್ಲಿ ಇಟ್ಟಿರಬೇಕು. ಟ್ಯಾಂಕರಿನ ಹೊರಮೈ ಮೇಲೆ ತುರ್ತು ಮಾಹಿತಿ ಫಲಕ ಇರಬೇಕು. ಅದರಲ್ಲಿ ಸರಕಿನ ತಾಂತ್ರಿಕ ಹೆಸರು ಕನಿಷ್ಠ 50 ಮಿಲಿಮೀಟರ್ ಎತ್ತರದ ಅಕ್ಷರದಲ್ಲಿ, ವಿಶ್ವಸಂಸ್ಥೆಯ ವರ್ಗ ಸಂಖ್ಯೆ ಕನಿಷ್ಠ 100 ಮಿಲಿಮೀಟರ್ ಅಂಕಿಯಲ್ಲಿ, ಜೊತೆಗೆ ಫೋನ್ ನಂಬರ್. ಚಾಲಕನಿಗೆ ಸಂವಿಧಾನದ ಎಂಟನೇ ಪರಿಚ್ಛೇದದ ಒಂದು ಭಾಷೆಯೂ ಇಂಗ್ಲಿಷೂ ಓದಿ ಬರೆಯಲು ಬರಬೇಕು ಎಂಬ ಷರತ್ತು ಸಹ ಇದೆ. ನನ್ನ ಮಟ್ಟಿಗೆ ಟ್ರೆಮ್ ಕಾರ್ಡಿಗಿಂತ ಹೊರಗಿನ ಫಲಕವೇ ಹೆಚ್ಚು ಪ್ರಯೋಜನದ್ದು. ಕ್ಯಾಬಿನ್ ಹೊತ್ತಿಕೊಂಡರೆ ಕಾರ್ಡೂ ಹೋಯಿತು.

ಈ ಎಲ್ಲದರ ಬೆಲೆ ಕರಾವಳಿಯವರಿಗೆ ಚೆನ್ನಾಗಿ ಗೊತ್ತು. ಮಂಗಳೂರು ಎಲ್‌ಪಿಜಿ ಆಮದಿನ ಬಂದರು. ಅಲ್ಲಿಂದ ಬುಲೆಟ್ ಟ್ಯಾಂಕರ್‌ಗಳು ಕೇರಳಕ್ಕೂ ಘಟ್ಟದ ಮೇಲಕ್ಕೂ ಹೊರಡುತ್ತವೆ. 2012ರ ಆಗಸ್ಟ್ 27ರ ರಾತ್ರಿ ಮಂಗಳೂರಿನಿಂದ ಕೋಯಿಕ್ಕೋಡಿಗೆ ಹೊರಟಿದ್ದ ಟ್ಯಾಂಕರ್ ಕಣ್ಣೂರಿನ ಚಾಲಾದಲ್ಲಿ ರಸ್ತೆ ವಿಭಜಕಕ್ಕೆ ಬಡಿದು ಉರುಳಿ ಉರಿಯಿತು, 20 ಜನ ಸತ್ತರು. ಮರುವರ್ಷ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅಂಥದ್ದೇ ಅವಘಡ ಹಲವರನ್ನು ಬಲಿ ತೆಗೆದುಕೊಂಡಿತು. ಬಳಿಕ ಮಂಗಳೂರು, ಹಾಸನ, ಮೈಸೂರು ಮಾರ್ಗವಾಗಿ ಸೋಲೂರಿಗೆ ಕೊಳವೆಮಾರ್ಗ ಬಂದು ಘಟ್ಟದ ರಸ್ತೆಯ ಹೊರೆ ಸ್ವಲ್ಪ ಇಳಿಯಿತು.

ಇಂಥ ಅವಘಡ ನಡೆದಾಗಲೆಲ್ಲ ನಮ್ಮಲ್ಲಿ ಚರ್ಚೆ ಚಾಲಕನ ನಿದ್ದೆ, ರಸ್ತೆಯ ತಿರುವು, ವೇಗ ಇಷ್ಟರಲ್ಲೇ ಮುಗಿಯುತ್ತದೆ. ಟ್ಯಾಂಕಿನ ವಿಚಾರಕ್ಕೆ ಬಂದರೆ ಕಾಗದ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಪಾತ್ರೆಯ ಲೈಸೆನ್ಸ್ ಪೆಸೊದ್ದು, ಲಾರಿಯ ಆರ್‌ಸಿ ಮತ್ತು ಎಫ್‌ಸಿ ಆರ್‌ಟಿಒದ್ದು, ಪೆಟ್ರೋಲ್ ಟ್ಯಾಂಕರಿನ ಕ್ಯಾಲಿಬ್ರೇಷನ್ ಪತ್ರ ಕಾನೂನು ಮಾಪನ ಇಲಾಖೆಯದು, ತುಂಬಿಸುವ ಮುಂಚಿನ ತಪಾಸಣಾ ಪಟ್ಟಿ ತೈಲ ಕಂಪನಿಯದು, ವಿಮೆ ಇನ್ನೊಬ್ಬರದು. ಚಾಲಕನ ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರ್ ದಪ್ಪಗಾಗುತ್ತಲೇ ಇರುತ್ತದೆ. ಪ್ರತಿ ಕಾಗದವೂ ತನ್ನ ಅವಧಿ ಮುಗಿದಿಲ್ಲ ಎಂದಷ್ಟೇ ಹೇಳುತ್ತದೆ. ಟ್ಯಾಂಕಿನ ಬದುಕನ್ನು ಮೊದಲಿಂದ ಕೊನೆಯವರೆಗೆ ಹೇಳುವ ಒಂದೇ ಕಡತ ಆ ಫೋಲ್ಡರಿನಲ್ಲಿ ಇರುವುದಿಲ್ಲ. ಹಳೆಯ ಲಾರಿಯಿಂದ ಇಳಿಸಿ ಹೊಸ ಚಾಸಿಗೆ ಏರಿಸಿದ ಟ್ಯಾಂಕಿನ ವಿಷಯದಲ್ಲಿ ಇದು ಸಣ್ಣ ಕೊರತೆಯಲ್ಲ. ಚಾಸಿ ನಿನ್ನೆಯದು, ಟ್ಯಾಂಕು ಹದಿನೈದು ವರ್ಷದ್ದು ಇರಬಹುದು.

2022ರಲ್ಲಿ ಕೇಂದ್ರ ಸರ್ಕಾರ ಅಪಾಯಕಾರಿ ಸರಕಿನ ವಾಹನಗಳಿಗೆ ಜಾಡು ಹಿಡಿಯುವ ಸಾಧನ ಕಡ್ಡಾಯ ಮಾಡಲು ಹೊರಟಿತು. ಟ್ಯಾಂಕರ್ ಈಗ ಎಲ್ಲಿದೆ ಎಂದು ಅದರಿಂದ ತಿಳಿಯುತ್ತದೆ, ಒಳ್ಳೆಯದೇ. ಅದು ಎಂಥ ಟ್ಯಾಂಕ್ ಎಂದು ತಿಳಿಯುವುದಿಲ್ಲ. ಪೆಸೊ ಲೈಸೆನ್ಸ್ ಕೊಡುವಾಗ ಪಾತ್ರೆಯ ತಯಾರಿಕಾ ವಿವರವೆಲ್ಲ ಪಡೆದೇ ಇರುತ್ತದೆ. ಆ ತಯಾರಿಕಾ ಸಂಖ್ಯೆಯ ಮೇಲೆಯೇ ಆಜೀವ ಕಡತವೊಂದನ್ನು ತೆರೆದು, ಪರೀಕ್ಷೆ, ರಿಪೇರಿ, ಸರಕಿನ ಬದಲಾವಣೆ, ಚಾಸಿ ಬದಲಾವಣೆ, ಮಾಲೀಕತ್ವ ಎಲ್ಲವನ್ನೂ ಅದರಲ್ಲಿ ಸೇರಿಸುತ್ತ ಹೋಗಬೇಕು. ಆರ್‌ಟಿಒ ಅಧಿಕಾರಿಗೂ ಅಗ್ನಿಶಾಮಕ ಠಾಣೆಗೂ ಅದನ್ನು ನೋಡುವ ಅವಕಾಶ ಇರಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ. 2016ರ ನಿಯಮಗಳಿಗೆ ಒಂದು ತಿದ್ದುಪಡಿ ಸಾಕು, ಅದನ್ನು ಮುಂದಿನ ಸಲವೇ ಸೇರಿಸಬೇಕು.