ಹಲಗೆಯ ಮೇಲೆ ಗದಗ–ಹೋಟಗಿ

ಆಟದ ರೈಲು ಸಾಮಾನ್ಯವಾಗಿ ಗುಂಡಗೆ ಸುತ್ತುತ್ತದೆ; ಯಾವ ಊರಿಗೂ ಮುಟ್ಟುವುದಿಲ್ಲ. ಸವಡಿಯ ನಮ್ಮ ಮನೆಯಲ್ಲಿ ತಮ್ಮನ ಮಗ ಎಂಟಡಿ ಉದ್ದ, ನಾಲ್ಕಡಿ ಅಗಲದ ಹಲಗೆಯ ಮೇಲೆ ಹಳಿಯ ನಕ್ಷೆ ಬರೆಯಹೊರಟಾಗ, ‘ನಮ್ಮ ಗದಗ–ಹೋಟಗಿ ದಾರೀನ ಮಾಡೋಣಪ್ಪಾ’ ಎಂದೆ.

ಆ ದಾರಿ 284 ಕಿಲೊಮೀಟರು. 87ರಲ್ಲಿ ಒಂದು ಪಾಲಿಗೆ ಇಳಿಸಿದರೂ ಮೂರು ಕಿಲೊಮೀಟರಿಗೆ ಮಿಕ್ಕುತ್ತದೆ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು? ದಾರಿ ಯಾಕೆ ಹುಟ್ಟಿತೆಂದು ತಿಳಿದರೆ ಆಯ್ಕೆ ಸುಲಭ.

1876–78ರ ಬರದಲ್ಲಿ ನಮ್ಮ ಸೀಮೆಯ ಜನ ಹಸಿದು ಸತ್ತರು. ಬೇರೆಡೆಯಿಂದ ಕಾಳು ಹೇರಿ ತರಬೇಕಾದ ಎತ್ತುಗಳಿಗೇ ಮೇವು, ನೀರು ಇರಲಿಲ್ಲ. ಬರದ ನಂತರ, 1882ರಲ್ಲಿ, ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಖರ್ಚು ಕಡಿಮೆಯೆಂದು ಮೀಟರ್‌ಗೇಜ್ ಹಾಕಿದರು. ಹೋಟಗಿಯಲ್ಲಿ ಮುಂಬಯಿಯ ದಾರಿ ಬ್ರಾಡ್‌ಗೇಜ್. ಅಲ್ಲಿ ಚೀಲಗಳನ್ನು ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಹೇರಬೇಕಿತ್ತು. 2008ರಲ್ಲಿ ನಮ್ಮ ದಾರಿ ಪೂರ್ತಿ ಬ್ರಾಡ್‌ಗೇಜ್ ಆಯಿತು.

ಆದ್ದರಿಂದ ಮೂರೇ ಜಾಗ ಆರಿಸಿದೆವು: ಒಂದು ತುದಿಗೆ ಹತ್ತಿಯ ಪೇಟೆ ಗದಗ, ನಡುವೆ ಹೊಳೆಆಲೂರು ಮತ್ತು ಮಲಪ್ರಭೆಯ ಸೇತುವೆ, ಇನ್ನೊಂದು ತುದಿಗೆ ಹೋಟಗಿ. ಚೆಂದದ ಬಾದಾಮಿ ಗುಡ್ಡವನ್ನೂ ಬಿಟ್ಟೆವು. ಹೋಟಗಿಯಲ್ಲಿ 12 ಮತ್ತು 19 ಮಿಲಿಮೀಟರಿನ ಎರಡು ಹಳಿ, ನಡುವೆ ಕಟ್ಟೆ, ಕಟ್ಟೆಯ ಮೇಲೆ ಜೋಳದ ಚೀಲ.

‘ಅತ್ತಿ, ರೈಲು ಬಂದ ಮ್ಯಾಲೆ ಬರ ಹೋತೇನು?’ ಎಂದು ಹುಡುಗ ಕೇಳಿದ. ಇಲ್ಲ. 1896–97ರಲ್ಲಿ ಮತ್ತೆ ಬರ ಬಿತ್ತು. ಕಾಳು ತರಲು ಆಗ ರೈಲಿತ್ತು. ಕೊಳ್ಳಲು ಕೂಲಿಯವರ ಉಡಿಯಲ್ಲಿ ದುಡ್ಡಿರಲಿಲ್ಲ.