ಮನೆಯ ಬಜೆಟ್: ವರ್ಷದ ಖರ್ಚನ್ನು ತಿಂಗಳ ಲೆಕ್ಕಕ್ಕೆ ತರುವ ಕ್ರಮ

ಬರುವ ಹಣ ಎಷ್ಟು, ಅದು ಯಾವ ಯಾವುದಕ್ಕೆ ಹೋಗಬೇಕು ಎಂಬುದನ್ನು ಮೊದಲೇ ಬರೆದಿಡುವುದೇ ಮನೆಯ ಬಜೆಟ್. ಅನೇಕ ಕುಟುಂಬಗಳು ತಿಂಗಳ ಜಮಾ-ಖರ್ಚನ್ನು ಅಚ್ಚುಕಟ್ಟಾಗಿ ಬರೆಯುತ್ತವೆ. ಆದರೂ ಶಾಲೆ ಆರಂಭವಾಗುವ ಸಮಯದಲ್ಲಿ ಅಥವಾ ವಿಮೆಯ ಕಂತು ತುಂಬುವ ತಿಂಗಳಲ್ಲಿ ಚಿನ್ನ ಅಡವಿಡುವ, ಕೈಸಾಲ ಪಡೆಯುವ ಪರಿಸ್ಥಿತಿ ಬರುತ್ತದೆ. ವರ್ಷಕ್ಕೊಮ್ಮೆ ಬರುವ ಖರ್ಚುಗಳು ತಿಂಗಳ ಪಟ್ಟಿಯಲ್ಲಿ ಸೇರದಿರುವುದು ಇದಕ್ಕೆ ಸಾಮಾನ್ಯ ಕಾರಣ.

ಆದಾಯ

ಸಂಬಳದಾರರು ಪಿ.ಎಫ್., ತೆರಿಗೆ ಮುಂತಾದ ಕಡಿತಗಳ ನಂತರ ಬ್ಯಾಂಕ್ ಖಾತೆಗೆ ಜಮೆಯಾಗುವ ಮೊತ್ತವನ್ನು ಮಾತ್ರ ಆದಾಯವೆಂದು ಬರೆಯಬೇಕು. ಬೋನಸ್ ಕೈಗೆ ಬರುವವರೆಗೆ ಲೆಕ್ಕಕ್ಕೆ ಸೇರಿಸಬಾರದು.

ಕಬ್ಬು, ಅಡಿಕೆ ಬೆಳೆಯುವ ಕುಟುಂಬಗಳಿಗೆ ಹಣ ವರ್ಷದಲ್ಲಿ ಕೆಲವೇ ಬಾರಿ ಬರುತ್ತದೆ. ಅಂಥವರು ಕಳೆದ ಮೂರು ವರ್ಷಗಳಲ್ಲಿ ಸಾಗುವಳಿ ಖರ್ಚು ಕಳೆದು ಉಳಿದ ಮೊತ್ತವನ್ನು ನೋಡಿ, ಅತಿ ಕಡಿಮೆ ಬಂದ ವರ್ಷದ ಮೊತ್ತವನ್ನು 12ರಿಂದ ಭಾಗಿಸಿದರೆ ತಿಂಗಳ ಆದಾಯ ಸಿಗುತ್ತದೆ. ಅಂಗಡಿ ಇರುವವರು ಗಲ್ಲಾದ ಹಣವನ್ನೂ ಮನೆಯ ಹಣವನ್ನೂ ಬೇರೆ ಮಾಡಿ, ಪ್ರತಿ ತಿಂಗಳು ಮನೆಗೆಂದು ನಿಗದಿತ ಮೊತ್ತ ತೆಗೆದುಕೊಳ್ಳುವುದು ಒಳ್ಳೆಯದು. ಇಲ್ಲವಾದರೆ ವ್ಯಾಪಾರದ ಬಂಡವಾಳವೇ ಮನೆಯ ಖರ್ಚಿಗೆ ಕರಗುತ್ತದೆ.

ತಿಂಗಳ ಖರ್ಚು

ಮೊದಲ ತಿಂಗಳು ಯಾವುದನ್ನೂ ಕಡಿಮೆ ಮಾಡದೆ, ಆದ ಖರ್ಚನ್ನೆಲ್ಲ ಬರೆದರೆ ಸಾಕು. ಯುಪಿಐ ಮೂಲಕ ಕೊಟ್ಟದ್ದು ಬ್ಯಾಂಕಿನ ವಿವರದಲ್ಲಿ ಸಿಗುತ್ತದೆ. ತರಕಾರಿ, ಹೂವು, ಆಟೋಗೆ ಕೊಟ್ಟ ನಗದನ್ನು ಅಂದಂದೇ ಬರೆಯದಿದ್ದರೆ ಮರೆತುಹೋಗುತ್ತದೆ. ಪಟ್ಟಣದಲ್ಲಿ ಬಾಡಿಗೆ ಮನೆಯಲ್ಲಿರುವ, ತಿಂಗಳಿಗೆ 45,000 ರೂ. ಆದಾಯದ ನಾಲ್ವರ ಕುಟುಂಬವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು:

• ಮನೆ ಬಾಡಿಗೆ: 9,000
• ದಿನಸಿ, ತರಕಾರಿ, ಹಾಲು: 11,000
• ವಿದ್ಯುತ್, ನೀರು, ಗ್ಯಾಸ್, ಮೊಬೈಲ್: 3,000
• ಪೆಟ್ರೋಲ್, ಬಸ್: 3,000
• ಸ್ಕೂಟರ್ ಸಾಲದ ಕಂತು: 3,500
• ಟ್ಯೂಷನ್, ಹಿರಿಯರ ಔಷಧಿ: 3,500
• ಇತರೆ: 2,000
• ಒಟ್ಟು: 35,000

ಈ ಪಟ್ಟಿಯ ಪ್ರಕಾರ ತಿಂಗಳಿಗೆ 10,000 ರೂ. ಉಳಿಯುವಂತೆ ಕಾಣುತ್ತದೆ.

ವರ್ಷದ ಖರ್ಚು

ಇದಕ್ಕೆ ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ತಿಂಗಳು ತಿಂಗಳಾಗಿ ನೋಡುವುದು ಸುಲಭದ ದಾರಿ. ಶಾಲಾ ಶುಲ್ಕ, ವಿಮೆ, ದಶಲಕ್ಷಣ ಪರ್ವ, ದೀಪಾವಳಿ, ಬೇಸಿಗೆಯ ಮದುವೆಗಳು, ಯಾತ್ರೆ ಎಲ್ಲವೂ ನೆನಪಿಗೆ ಬರುತ್ತವೆ. ಸ್ವಂತ ಮನೆ ಇರುವವರು ಆಸ್ತಿ ತೆರಿಗೆಯನ್ನೂ ಸೇರಿಸಬೇಕು. ಇದೇ ಕುಟುಂಬದ ವರ್ಷದ ಪಟ್ಟಿ ಹೀಗಿರಬಹುದು:

• ಇಬ್ಬರು ಮಕ್ಕಳ ಶಾಲಾ ಶುಲ್ಕ, ಪುಸ್ತಕ, ಸಮವಸ್ತ್ರ: 48,000
• ಆರೋಗ್ಯ ವಿಮೆ: 18,000
• ಸ್ಕೂಟರ್ ವಿಮೆ, ಸರ್ವಿಸ್: 6,000
• ಹಬ್ಬ, ಬಟ್ಟೆ: 10,000
• ಬಸದಿಯ ಸೇವೆ, ದಾನ: 5,000
• ಯಾತ್ರೆ, ಊರಿನ ಪ್ರಯಾಣ: 5,000
• ಮದುವೆ, ಗೃಹಪ್ರವೇಶಗಳ ಮುಯ್ಯಿ: 4,000
• ಒಟ್ಟು: 96,000

96,000ವನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 8,000. ಹಾಗಾಗಿ ಈ ಮನೆಯ ನಿಜವಾದ ಉಳಿಕೆ 2,000 ರೂ. ಮಾತ್ರ. ಹತ್ತು ಸಾವಿರ ಉಳಿಯುತ್ತದೆ ಎಂದು ನಂಬಿ 7,000 ರೂ. ಕಂತಿನ ಹೊಸ ಸಾಲ ಮಾಡಿದರೆ ತಿಂಗಳಿಗೆ 5,000ದಂತೆ ವರ್ಷಕ್ಕೆ 60,000 ರೂ. ಕೊರತೆ ಬೀಳುತ್ತದೆ. ಆ ಕೊರತೆಯನ್ನು ಕ್ರೆಡಿಟ್ ಕಾರ್ಡಿನಿಂದ ತುಂಬಿ ಬಾಕಿ ಉಳಿಸಿಕೊಂಡರೆ ಹಲವು ಕಾರ್ಡುಗಳಲ್ಲಿ ಬಡ್ಡಿ ತಿಂಗಳಿಗೆ ಶೇ. 3ಕ್ಕಿಂತ ಹೆಚ್ಚು.

ಮೊದಲ ವರ್ಷದ ಲೆಕ್ಕ ಸ್ವಲ್ಪ ಬೇರೆ. ಶುಲ್ಕ ಕಟ್ಟಲು ಎಂಟೇ ತಿಂಗಳು ಉಳಿದಿದ್ದರೆ 48,000ವನ್ನು 8ರಿಂದ ಭಾಗಿಸಬೇಕು. ಆಗ ತಿಂಗಳಿಗೆ 4,000ದ ಬದಲು 6,000 ರೂ. ತೆಗೆದಿಡಬೇಕಾಗುತ್ತದೆ.

ಹಣ ಇಡುವ ಸ್ಥಳ

ತೆಗೆದಿಟ್ಟ ಹಣ ದಿನಬಳಕೆಯ ಖಾತೆಯಲ್ಲೇ ಇದ್ದರೆ ಖರ್ಚಾಗಿಬಿಡುತ್ತದೆ. ಇನ್ನೊಂದು ಉಳಿತಾಯ ಖಾತೆಯಲ್ಲಿ ಅಥವಾ ಬ್ಯಾಂಕಿನ ಒಂದು ವರ್ಷದ ಆರ್‌.ಡಿ.ಯಲ್ಲಿ ಇಡಬಹುದು. ಸಂಬಳ ಬಂದ ಮರುದಿನವೇ ಹಣ ತಾನಾಗಿ ವರ್ಗವಾಗುವಂತೆ ಬ್ಯಾಂಕಿಗೆ ಸೂಚನೆ ಕೊಡಬಹುದು. ಅಂಚೆ ಕಚೇರಿಯ ಆರ್‌.ಡಿ. ಐದು ವರ್ಷದ್ದಾದ್ದರಿಂದ ಅದು ದೂರದ ಗುರಿಗಳಿಗೆ ಸೂಕ್ತ.

ಬ್ಯಾಂಕ್ ಠೇವಣಿಗಳಿಗೆ 2020ರ ಫೆಬ್ರವರಿಯಿಂದ ಪ್ರತಿ ಠೇವಣಿದಾರರಿಗೆ, ಪ್ರತಿ ಬ್ಯಾಂಕಿನಲ್ಲಿ 5 ಲಕ್ಷ ರೂ.ವರೆಗೆ ವಿಮಾ ರಕ್ಷಣೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ. ಪತ್ತಿನ ಸಹಕಾರ ಸಂಘಗಳಿಗೆ ಮಾತ್ರ ಈ ರಕ್ಷಣೆ ಇಲ್ಲ. ಪರಿಚಯದವರು ನಡೆಸುವ ಸಂಘವಾದರೂ ಮಕ್ಕಳ ಶುಲ್ಕದ ಹಣವನ್ನು ಅಲ್ಲಿಡುವ ಮೊದಲು ಇದನ್ನು ಗಮನಿಸಬೇಕು.

ದಾನ ಮತ್ತು ಮಿತಿ

ಶ್ರಾವಕರ ಐದು ಅಣುವ್ರತಗಳಲ್ಲಿ ಒಂದಾದ ಪರಿಗ್ರಹ ಪರಿಮಾಣದಲ್ಲಿ ಹೊಲ, ಮನೆ, ಬಂಗಾರ, ಧನ, ಧಾನ್ಯಗಳಿಗೆ ಇಷ್ಟೇ ಎಂದು ಮೊದಲೇ ಮಿತಿ ಹಾಕಿಕೊಳ್ಳಲಾಗುತ್ತದೆ. ಬಟ್ಟೆ, ಒಡವೆ, ಹೊಸ ಮೊಬೈಲಿನ ಖರ್ಚಿಗೆ ವರ್ಷದ ಆರಂಭದಲ್ಲೇ ಗೆರೆ ಎಳೆಯಲು ಇದು ಪರಿಚಿತವಾದ ಮಾದರಿ. ದಾನಕ್ಕೂ ಪಟ್ಟಿಯಲ್ಲಿ ತನ್ನದೇ ಸಾಲು ಇರಲಿ. ತೆಗೆದಿಟ್ಟ ಹಣವಿದ್ದರೆ ಪರ್ವದ ದಿನ ಹೇಳಿದ ಮೊತ್ತವನ್ನು ಸಾಲ ಮಾಡದೆ ಕೊಡಬಹುದು. ಆಹಾರ, ಔಷಧ, ಶಾಸ್ತ್ರದಾನಗಳಿಗೆ ತಿಂಗಳಿಗೆ ನೂರು ರೂಪಾಯಿಯನ್ನಾದರೂ ತಪ್ಪದೆ ಇಡಲು ಸಾಧ್ಯವಾಗುತ್ತದೆ.

ಆಪತ್ತಿನ ನಿಧಿ

ಕೆಲಸ ಹೋದರೆ ಅಥವಾ ಕಾಯಿಲೆ ಬಂದರೆ ಮೂರು ತಿಂಗಳ ಖರ್ಚಿನಷ್ಟು ಹಣ ಇರಬೇಕೆಂಬುದು ಸಾಮಾನ್ಯ ಸಲಹೆ. ಉದಾಹರಣೆಯ ಕುಟುಂಬಕ್ಕೆ ಅದು 1,29,000 ರೂ. ತಿಂಗಳಿಗೆ 2,000ದಂತೆ ಕೂಡಿಸಿದರೆ ಐದು ವರ್ಷಕ್ಕೂ ಹೆಚ್ಚು ಬೇಕು. ಆದ್ದರಿಂದ ಮೊದಲ ಗುರಿ ಒಂದು ತಿಂಗಳ ಖರ್ಚಾದ 43,000 ಇರಲಿ. ಸ್ಕೂಟರ್ ಸಾಲ ತೀರಿದ ಮೇಲೆ ಆ 3,500ವನ್ನೂ ಇದೇ ನಿಧಿಗೆ ಹಾಕಿದರೆ ತಿಂಗಳಿಗೆ 5,500 ಸೇರುತ್ತದೆ.

ತಿಂಗಳ ಕೊನೆಯ ಪರಿಶೀಲನೆ

ತಿಂಗಳ ಕೊನೆಯ ಭಾನುವಾರ ಮನೆಯವರೆಲ್ಲ ಅರ್ಧ ಗಂಟೆ ಕುಳಿತು, ಪ್ರತಿ ಸಾಲಿನ ಎದುರು ನಿಗದಿ ಮಾಡಿದ್ದೆಷ್ಟು, ಆದದ್ದೆಷ್ಟು ಎಂದು ಬರೆಯಬೇಕು. ಒಂದೇ ಸಾಲು ಸತತ ಮೂರು ತಿಂಗಳು ಮೀರಿದರೆ ಆ ಮೊತ್ತವನ್ನೇ ಹೆಚ್ಚಿಸಿ, ಬೇರೆ ಸಾಲಿನಲ್ಲಿ ಅಷ್ಟು ಕಡಿಮೆ ಮಾಡಬೇಕು. ಅಡುಗೆಮನೆಯ ಖರ್ಚು ನೋಡಿಕೊಳ್ಳುವವರು ಮತ್ತು ಬ್ಯಾಂಕಿನ ವ್ಯವಹಾರ ನೋಡಿಕೊಳ್ಳುವವರು ಬೇರೆ ಬೇರೆಯಾಗಿದ್ದರೆ ಇಬ್ಬರೂ ಇರುವುದು ಅಗತ್ಯ. ವಿಮೆಯ ಪಾಲಿಸಿ, ಠೇವಣಿ, ಸಾಲಗಳ ವಿವರವನ್ನೂ ಅದೇ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟರೆ ತುರ್ತು ಸಮಯದಲ್ಲಿ ಮನೆಯ ಇತರರು ಹುಡುಕಾಡಬೇಕಾಗುವುದಿಲ್ಲ.