ಊರು ಬಿಡದ ಸೆಮಿನರಿ: ದೇವಶಾಸ್ತ್ರದ ದೂರಶಿಕ್ಷಣ ಪದವಿಯನ್ನು ಆರಿಸುವ ಬಗೆ

ದೇವಶಾಸ್ತ್ರದ ಪದವಿಯನ್ನು ಮನೆಯಲ್ಲಿದ್ದುಕೊಂಡೇ ಓದಬಯಸುವವರಿಗೆ ಇಂದು ಆಯ್ಕೆಗಳಿಗೆ ಬರವಿಲ್ಲ. ಸೆರಾಂಪುರ ಕಾಲೇಜಿನ ಸೆನೆಟ್ ಬಾಹ್ಯ ಪದವಿಗಳನ್ನು ನಡೆಸುತ್ತಿದೆ. ಬೆಂಗಳೂರಿನಲ್ಲಿ 1971ರಿಂದ ದೇವಶಾಸ್ತ್ರದ ವಿಸ್ತರಣಾ ಶಿಕ್ಷಣ ಸಂಸ್ಥೆ ಟ್ಯಾಫ್ಟಿ ಇದೆ. ಅಮೆರಿಕದ ಎಷ್ಟೋ ಸೆಮಿನರಿಗಳ ಎಂ.ಡಿವ್. (ಮಾಸ್ಟರ್ ಆಫ್ ಡಿವಿನಿಟಿ) ಪದವಿಯನ್ನು ಈಗ ಆನ್‌ಲೈನ್‌ನಲ್ಲೇ ಮುಗಿಸಬಹುದು. ಆಯ್ಕೆಯ ಚರ್ಚೆ ಸಾಮಾನ್ಯವಾಗಿ ಎರಡು ಪ್ರಶ್ನೆಗಳ ಸುತ್ತ ತಿರುಗುತ್ತದೆ: ಇದಕ್ಕೆ ಮಾನ್ಯತೆ ಇದೆಯೇ, ಸೆಮಿನರಿಯಲ್ಲಿ ವಾಸವಿದ್ದು ಓದಿದ್ದಕ್ಕೆ ಇದು ಸಮವೇ. ಎರಡೂ ಕೇಳಬೇಕಾದವೇ. ಆದರೆ ಇವೆರಡಕ್ಕೂ ಉತ್ತರ ಸಿಗುವುದು ಮೂರನೆಯ ಪ್ರಶ್ನೆಯೊಂದನ್ನು ಕೇಳಿದ ಮೇಲೆ. ವಿದ್ಯಾರ್ಥಿ ಈಗಾಗಲೇ ಬದುಕುತ್ತಿರುವ ಊರು, ಅಲ್ಲಿಯ ಸಭೆ, ಅಲ್ಲಿಯ ಭಾಷೆ ಇವನ್ನು ಆ ಪದವಿ ಕಲಿಕೆಯೊಳಗೆ ತೆಗೆದುಕೊಳ್ಳುತ್ತದೆಯೇ, ಅಥವಾ ಅಂಚೆವಿಳಾಸವಾಗಿ ಮಾತ್ರ ನೋಡುತ್ತದೆಯೇ? ದೂರಶಿಕ್ಷಣದ ಸೆಮಿನರಿಯನ್ನು ಅಳೆಯಬೇಕಾದದ್ದು ಇದರಿಂದ ಎಂಬುದು ಈ ಲೇಖನದ ವಾದ.

ಈ ಅಳತೆ ಹೊರಗಿನಿಂದ ತಂದು ಹೇರಿದ್ದಲ್ಲ, ಈ ಶಿಕ್ಷಣ ಕ್ರಮದ ಹುಟ್ಟಿನಲ್ಲೇ ಇದೆ. 1963ರಲ್ಲಿ ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ ಸೆಮಿನರಿ ವಿಸ್ತರಣಾ ಶಿಕ್ಷಣವನ್ನು ಆರಂಭಿಸಿದಾಗ ರಾಲ್ಫ್ ವಿಂಟರ್, ಜೇಮ್ಸ್ ಎಮರಿ, ರಾಸ್ ಕಿನ್ಸ್‌ಲರ್ ಮೊದಲಾದವರ ಎದುರು ಇದ್ದ ತೊಡಕು ದೂರದ್ದಲ್ಲ, ಆಯ್ಕೆಯದು. ಹಳ್ಳಿಯ ಸಭೆಗಳನ್ನು ಆಗಲೇ ನಡೆಸುತ್ತಿದ್ದ ಹಿರಿಯರು ಹೊಲ, ಸಂಸಾರ ಬಿಟ್ಟು ಸೆಮಿನರಿಗೆ ಬರುವಂತಿರಲಿಲ್ಲ. ಬರುವಂತಿದ್ದ ಹುಡುಗರಿಗೆ ಸಭೆ ಇನ್ನೂ ಯಾವ ಹೊಣೆಯನ್ನೂ ಕೊಟ್ಟಿರಲಿಲ್ಲ. ಓದು ಮುಗಿದ ಮೇಲೆ ಅವರಲ್ಲಿ ಹಲವರು ಹಳ್ಳಿಗೆ ಮರಳಲೂ ಇಲ್ಲ. ಹೀಗಾಗಿ ಸೆಮಿನರಿಯೇ ಹಿರಿಯರ ಬಳಿಗೆ ಹೋಯಿತು. ಮನೆಯಲ್ಲಿ ಸ್ವಂತ ಓದು, ವಾರಕ್ಕೊಮ್ಮೆ ಹತ್ತಿರದ ಕೇಂದ್ರದಲ್ಲಿ ಶಿಕ್ಷಕರೊಂದಿಗೆ ಚರ್ಚೆ, ನಡುವೆ ತಮ್ಮದೇ ಸಭೆಯಲ್ಲಿ ಕೆಲಸ, ಇಷ್ಟು ಅದರ ಕಟ್ಟಡ. ಅಂದಿನ ಸ್ವಯಂಬೋಧಕ ಪುಸ್ತಕಗಳ ಪುಟವೊಂದನ್ನು ನೋಡಿದರೆ ಇದರ ಕೊರತೆಯೂ ಕಾಣುತ್ತದೆ, ಜಾಣತನವೂ ಕಾಣುತ್ತದೆ. ನಾಲ್ಕೈದು ಸಾಲಿನ ವಿವರಣೆ, ಕೆಳಗೆ ಪ್ರಶ್ನೆ, ಉತ್ತರ ತುಂಬಲು ಖಾಲಿ ಜಾಗ. ಸರಿಯುತ್ತರ ಅಲ್ಲೇ ಅಚ್ಚಾಗಿರುತ್ತದೆ, ಓದುವವರು ರಟ್ಟಿನ ತುಂಡಿನಿಂದ ಅದನ್ನು ಮುಚ್ಚಿಕೊಂಡು ತಮ್ಮದನ್ನು ಬರೆದು ಆಮೇಲೆ ತಾಳೆ ನೋಡಬೇಕು. ಉತ್ತರ ಮೊದಲೇ ಅಚ್ಚಾದ ಪುಸ್ತಕದಿಂದ ವಿಮರ್ಶೆಯ ಬುದ್ಧಿ ಬೆಳೆಯುವುದೇ ಎಂಬ ಟೀಕೆ ಅಂದೇ ಇತ್ತು, ಅದು ನ್ಯಾಯವಾದದ್ದೇ. ಆದರೆ ಆ ಟೀಕೆ ತಗಲುವುದು ಪುಸ್ತಕಕ್ಕೆ. ಪುಸ್ತಕದ ಪಾಠ ಭಾನುವಾರ ಸಭೆಯಲ್ಲಿ ಪರೀಕ್ಷೆಗೊಳಗಾಗಿ, ಅಲ್ಲಿ ಎದ್ದ ಸಂದೇಹ ಮುಂದಿನ ಚರ್ಚೆಗೆ ಬರುತ್ತಿತ್ತಲ್ಲ, ಆ ಸುತ್ತಿಗೆ ತಗಲುವುದಿಲ್ಲ. ಇಂದಿನ ಆನ್‌ಲೈನ್ ಪದವಿಗಳು ಪುಸ್ತಕವನ್ನು ಬಹಳ ಸುಧಾರಿಸಿವೆ. ಸುತ್ತನ್ನು ಉಳಿಸಿಕೊಂಡಿವೆಯೇ ಎಂಬುದನ್ನು ಒಂದೊಂದಾಗಿ ನೋಡಬೇಕು.

ಮಾನ್ಯತೆಯ ವಿಷಯವನ್ನು ಈ ಬೆಳಕಿನಲ್ಲಿ ನೋಡಿದರೆ ಗೊಂದಲ ಅರ್ಧ ಕರಗುತ್ತದೆ. ಒಂದೇ ಮಾತಿನಡಿ ಮೂರು ಬೇರೆ ಬೇರೆ ಅಧಿಕಾರಗಳು ಅಡಗಿವೆ. ಮೊದಲನೆಯದು ಸರ್ಕಾರದ್ದು. 1956ರ ಯುಜಿಸಿ ಕಾಯ್ದೆಯ 22ನೇ ಕಲಮಿನ ಪ್ರಕಾರ ಪದವಿ ಕೊಡುವ ಹಕ್ಕಿರುವುದು ಕೇಂದ್ರ ಅಥವಾ ರಾಜ್ಯದ ಕಾಯ್ದೆಯಿಂದ ಸ್ಥಾಪಿತವಾದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ ಅಥವಾ ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗೆ ಮಾತ್ರ. ಮಿಷನರಿಗಳಾದ ಕೇರಿ, ಮಾರ್ಷ್‌ಮನ್, ವಾರ್ಡ್ 1818ರಲ್ಲಿ ಕಟ್ಟಿದ ಸೆರಾಂಪುರ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕಿನ ಆರನೆಯ ಫ್ರೆಡರಿಕ್ ದೊರೆಯಿಂದ ಪದವಿ ಕೊಡುವ ಸನ್ನದು ಸಿಕ್ಕಿತು, 1918ರಲ್ಲಿ ಬಂಗಾಳದ ಕಾಯ್ದೆಯ ಬಲವೂ ಬಂತು. ದೇಶದ ಬಹುಪಾಲು ಪ್ರಾಟೆಸ್ಟಂಟ್ ಸೆಮಿನರಿಗಳಿಗೆ ಅಂಥ ಬೆನ್ನೆಲುಬಿಲ್ಲ. ಎರಡನೆಯದು ವಿದ್ಯಾವಲಯದ್ದು: ಏಷ್ಯಾ ಥಿಯಾಲಜಿಕಲ್ ಅಸೋಸಿಯೇಷನ್, ಅಮೆರಿಕದ ಎಟಿಎಸ್ (ಅಸೋಸಿಯೇಷನ್ ಆಫ್ ಥಿಯಾಲಜಿಕಲ್ ಸ್ಕೂಲ್ಸ್) ಮೊದಲಾದ ಕೂಟಗಳು ಪಾಠದ ಮಟ್ಟ, ಗ್ರಂಥಾಲಯ, ಅಧ್ಯಾಪಕರ ಅರ್ಹತೆಗಳನ್ನು ಪರೀಕ್ಷಿಸಿ ಕೊಡುವ ಒಪ್ಪಿಗೆ. ಮೂರನೆಯದು ಸಭೆಯದು. ಬಿಷಪ್ಪರಿರುವ ಸಭೆಗಳಲ್ಲಿ ಸಭಾಪಾಲಕ ದೀಕ್ಷೆ ಕೊಡುವುದು ವಿಶ್ವವಿದ್ಯಾಲಯವಲ್ಲ, ಬಿಷಪ್ಪರು. ಯಾವ ಪದವಿ ನಡೆಯುತ್ತದೆಂದು ನಿರ್ಧರಿಸುವುದು ಆಯಾ ಸಭಾಪ್ರಾಂತ. ಕಾಲೇಜಿನಲ್ಲಿ ಪಾಠ ಹೇಳುವ ಆಸೆಯವರಿಗೆ ಮೊದಲೆರಡು ಮುಖ್ಯ, ಸಭೆಯ ಸೇವೆಗೆ ಹೋಗುವವರಿಗೆ ಮೂರನೆಯದು. ಜಾಹೀರಾತಿನಲ್ಲಿ 'ಅಂತರರಾಷ್ಟ್ರೀಯ ಮಾನ್ಯತೆ' ಎಂದಿದ್ದರೆ ಮೂರರಲ್ಲಿ ಯಾವುದೆಂದು ಕೇಳಬೇಕು. ಹಣ ತೆಗೆದುಕೊಂಡು ಪ್ರಮಾಣಪತ್ರ ಮಾರುವವರು ಆ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ವಾಸದ ಪರವಾಗಿರುವ ವಾದ ಹಳೆಯದು, ಬಲವಾದದ್ದೂ ಹೌದು. ಪ್ರತಿ ಧರ್ಮಪ್ರಾಂತ್ಯವೂ ಯಾಜಕರಾಗುವ ಹುಡುಗರನ್ನು ಒಂದೆಡೆ ಇಟ್ಟು ಬೆಳೆಸಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲೇ ವಿಧಿಸಿತು. ಇಂದಿನ ಕಥೋಲಿಕ ಸಭಾ ಕಾನೂನಿನ 235ನೇ ವಿಧಿ ಯಾಜಕಾಭ್ಯರ್ಥಿ ಕನಿಷ್ಠ ನಾಲ್ಕು ವರ್ಷ ಗುರುಮಠದಲ್ಲಿ ಇರಲೇಬೇಕೆನ್ನುತ್ತದೆ. ಆದ್ದರಿಂದ ಆ ದಾರಿ ಹಿಡಿದವರ ಪಾಲಿಗೆ ಆನ್‌ಲೈನ್ ಪದವಿಯ ಚರ್ಚೆಯೇ ಹುಟ್ಟುವುದಿಲ್ಲ. ಅಮೆರಿಕದ ಎಟಿಎಸ್ ಸಹ ಎಂ.ಡಿವ್. ಓದಿನಲ್ಲಿ ಒಂದು ವರ್ಷದಷ್ಟನ್ನು ಕ್ಯಾಂಪಸ್ಸಿನಲ್ಲೇ ಮುಗಿಸಬೇಕೆಂಬ ಕಟ್ಟಳೆಯನ್ನು ಬಹುಕಾಲ ಪಾಲಿಸಿತು. 2012ರಿಂದ ವಿನಾಯಿತಿಗಳನ್ನು ಕೊಡುತ್ತಾ ಬಂದು 2020ರ ಹೊಸ ಮಾನದಂಡಗಳಲ್ಲಿ ಕಟ್ಟಳೆಯನ್ನೇ ಕೈಬಿಟ್ಟಿತು. ಒಟ್ಟಿಗೆ ಉಣ್ಣುವುದು, ಪ್ರಾರ್ಥಿಸುವುದು, ಜಗಳವಾಡಿ ರಾಜಿಯಾಗುವುದು ಇವೇ ಅರ್ಧ ಶಿಕ್ಷಣ, ಪರದೆಯ ಮೇಲೆ ಅದು ಸಾಧ್ಯವಿಲ್ಲ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಒಟ್ಟಿಗಿನ ಬದುಕು ಸೆಮಿನರಿಯ ಆವರಣದಲ್ಲಿ ಮಾತ್ರ ಇದೆಯೆಂದು ಊಹಿಸಿಕೊಂಡರೆ ಮಾತ್ರ ಅದು ನಿರ್ಣಾಯಕ. ಹತ್ತು ವರ್ಷದಿಂದ ಸಭೆಯ ಮಹಿಳಾ ಕೂಟವನ್ನು ನಡೆಸುತ್ತ, ಸಾವು ಮದುವೆಗಳಲ್ಲಿ ನಿಂತ ಶಾಲಾ ಶಿಕ್ಷಕಿಗೆ ಸಹಜೀವನದ ಪಾಠವನ್ನು ಹಾಸ್ಟೆಲ್ಲಿನಲ್ಲಿ ಕಲಿಸಬೇಕಾಗಿಲ್ಲ. ಆಕೆಗೆ ಬೇಕಿರುವುದು ಆ ಅನುಭವವನ್ನು ಪ್ರಶ್ನಿಸಿ, ತಿದ್ದಿ, ಶಾಸ್ತ್ರದೊಂದಿಗೆ ಮುಖಾಮುಖಿ ಮಾಡಿಸುವವರು. ವಾಸದ ಕಟ್ಟಳೆ ಮೊದಲು ಹೊರಗಿಡುವುದೂ ಇಂಥವರನ್ನೇ. ಸೆಮಿನರಿಯ ಆವರಣ ಎಲ್ಲರನ್ನೂ ಮಾಗಿಸುತ್ತದೆಂಬುದಕ್ಕೂ ಆಧಾರವಿಲ್ಲ. ಕೆಲವರನ್ನು ಅದು ತಮ್ಮ ಜನರಿಂದ ದೂರ ಮಾಡುತ್ತದೆ ಎಂಬುದೇ ಗ್ವಾಟೆಮಾಲಾದ ಅನುಭವವಾಗಿತ್ತಲ್ಲ.

ಎದುರು ದಿಕ್ಕಿನಿಂದಲೂ ಆಕ್ಷೇಪವಿದೆ. ಪದವಿ ಪ್ರಮಾಣೀಕರಿಸುವುದು ತಿಳಿವಳಿಕೆಯನ್ನು. ನಡತೆ, ಸೇವೆಗಳನ್ನು ನೋಡಿಕೊಳ್ಳಲು ಸಭೆ ಇದೆ. ಹೀಬ್ರೂ ವ್ಯಾಕರಣವನ್ನು ಯಾವ ಊರಿನಲ್ಲಿ ಕಲಿತರೇನು? ಹೀಬ್ರೂವಿನ ಮಟ್ಟಿಗೆ ಇದು ನಿಜ. ಕ್ರಿಯಾಪದದ ರೂಪಗಳನ್ನು ದಿನಾ ತಿದ್ದಿಸಿಕೊಂಡು ಅಭ್ಯಾಸ ಮಾಡಲು ಕಂಪ್ಯೂಟರೇ ಹೆಚ್ಚು ತಾಳ್ಮೆಯ ಗುರು. ಬೋಧನೆ, ಆಪ್ತಸಮಾಲೋಚನೆ, ನೀತಿಶಾಸ್ತ್ರಗಳಿಗೆ ಬಂದಾಗ ಮಾತು ನಿಲ್ಲುವುದಿಲ್ಲ. ಬೀದರ್ ಜಿಲ್ಲೆಯ ಮೆಥಡಿಸ್ಟ್ ಸಭೆಯೊಂದರ ಸೇವೆಗೆ ಸಿದ್ಧವಾಗುತ್ತಿರುವವನೊಬ್ಬನನ್ನು ಎಣಿಸಿಕೊಳ್ಳಿ. ಅಮೆರಿಕದ ಆನ್‌ಲೈನ್ ತರಗತಿಗೆ ಅವನು ಇಂಗ್ಲಿಷಿನಲ್ಲಿ ಪ್ರಸಂಗದ ವಿಡಿಯೋ ಕಳಿಸುತ್ತಾನೆ, ಅಂಕವೂ ಒಳ್ಳೆಯದೇ ಬರುತ್ತದೆ. ಭಾನುವಾರ ಅವನೆದುರು ಕೂರುವವರಲ್ಲಿ ಹೆಚ್ಚಿನವರು ಕೂಲಿ ಮಾಡುವ ದಲಿತ ಕುಟುಂಬದವರು, ಕೈಯಲ್ಲಿರುವುದು ಕನ್ನಡ ಸತ್ಯವೇದ. ಅವರಿಗೆ ಆ ಪ್ರಸಂಗ ಮುಟ್ಟಿತೇ ಎಂದು ಅಂಕ ಕೊಟ್ಟವರು ಕೇಳಿಲ್ಲ, ಕೇಳುವ ದಾರಿಯನ್ನೂ ಪಠ್ಯಕ್ರಮ ಇಟ್ಟಿಲ್ಲ. ಪರದೆಯ ಮೇಲಿನ ಸಹಪಾಠಿಗಳು ನೈರೋಬಿಯಿಂದ ಮನಿಲಾದವರೆಗೆ ಇದ್ದಾರೆಂಬುದು ದೊಡ್ಡ ಲಾಭವೇ, ಆದರೆ ಬೀದರಿನ ಜಾತಿಯ ಪ್ರಶ್ನೆಯನ್ನು ಅವರು ಬಿಡಿಸಿಕೊಡಲಾರರು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಜಿಕಲ್ ಕಾಲೇಜು ಕನ್ನಡದ ದೇವಶಾಸ್ತ್ರ ಶಿಕ್ಷಣವನ್ನು ಹೊತ್ತುಕೊಂಡು ಬಂದಿರುವುದರ ಬೆಲೆ ಇಲ್ಲಿ ತಿಳಿಯುತ್ತದೆ.

ಇದರಿಂದ ವಿದೇಶಿ ಪದವಿ ಬೇಡ, ಸ್ವದೇಶಿಯೇ ಬೇಕು ಎಂಬ ತೀರ್ಮಾನ ಹೊರಡುವುದಿಲ್ಲ. ಸ್ಥಳೀಯ ಮಾರ್ಗದರ್ಶಕರಿಗೆ ಮೌಲ್ಯಮಾಪನದಲ್ಲಿ ನಿಜವಾದ ಪಾಲು ಕೊಡುವ ವಿದೇಶಿ ಸೆಮಿನರಿ, ಅಂಚೆಯಲ್ಲಿ ಪುಸ್ತಕ ಕಳಿಸಿ ವರ್ಷದ ಕೊನೆಗೆ ಪರೀಕ್ಷೆ ಮಾತ್ರ ನಡೆಸುವ ದೇಶೀ ಸಂಸ್ಥೆಗಿಂತ ಮೇಲು. ಪರೀಕ್ಷಿಸಬೇಕಾದ ಜಾಗ ಸಣ್ಣದು: ಕ್ಷೇತ್ರಕಾರ್ಯದ ನಮೂನೆ. ಅದರಲ್ಲಿ ಮಾರ್ಗದರ್ಶಕರ ಸಹಿಗೆ ಒಂದು ಗೆರೆ, ಗಂಟೆಗಳ ಲೆಕ್ಕಕ್ಕೆ ಒಂದು ಚೌಕ ಇಷ್ಟೇ ಇದ್ದರೆ ಆ ಸಂಸ್ಥೆ ಸಭೆಯನ್ನು ಸಾಕ್ಷಿಗೆ ಮಾತ್ರ ಕರೆದಿದೆ. ವಿದ್ಯಾರ್ಥಿ ನಡೆಸಿದ ಒಂದು ಶವಸಂಸ್ಕಾರವನ್ನೋ, ಹಾಳಾದ ಒಂದು ಸಭಾ ಸಮಿತಿಯ ಕೂಟವನ್ನೋ ವಿವರವಾಗಿ ಬರೆಯಿಸಿ, ಅದರ ಮೇಲೆ ಮಾರ್ಗದರ್ಶಕರ ಅಭಿಪ್ರಾಯ ಪಡೆದು, ಮುಂದಿನ ತರಗತಿಯ ಚರ್ಚೆಗೆ ತರುವ ವ್ಯವಸ್ಥೆ ಇದ್ದರೆ ಮಾತು ಬೇರೆ. ಅರ್ಜಿ ತುಂಬುವ ಮೊದಲೇ ಆ ನಮೂನೆಯ ಪ್ರತಿಯನ್ನು ಕೇಳಿ ಪಡೆಯಬಹುದು. ತನ್ನ ಸಭಾಪ್ರಾಂತ ಆ ಪದವಿಯನ್ನು ದೀಕ್ಷೆಗೆ ಒಪ್ಪುತ್ತದೆಯೇ ಎಂಬುದನ್ನೂ ಬಿಷಪ್ಪರ ಕಚೇರಿಯಿಂದ ಬರಹದಲ್ಲೇ ಪಡೆದಿರಬೇಕು; ಬಾಯಿಮಾತಿನ ಭರವಸೆ ಕೊಟ್ಟ ಬಿಷಪ್ಪರು ಓದು ಮುಗಿಯುವಷ್ಟರಲ್ಲಿ ನಿವೃತ್ತರಾಗಿರಬಹುದು.